ಚಿತ್ರಕಲೆ ಪೀರಿಯಡ್ ಗಣಿತಕ್ಕೆ ಕೊಡಬೇಕಂತೆ. ಗಣಿತದ ಟೀಚರ್ ನಾನೇ, ನನಗೇ ಮನಸ್ಸಿಲ್ಲ

ಗಣಿತ ಮೇಡಂ, ಸಾಗರ

ಎಲ್ಲರಿಗೂ ನಮಸ್ಕಾರ. ಸಾಗರ ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಹನ್ನೊಂದು ವರ್ಷದಿಂದ ಗಣಿತ ಕಲಿಸ್ತಿದೀನಿ. ನಮ್ಮಲ್ಲಿ ಚಿತ್ರಕಲೆಗೆ ಒಬ್ಬ ಮೇಷ್ಟ್ರಿದ್ದರು. ಮೇ ಕೊನೆಗೆ ನಿವೃತ್ತರಾದರು, ಅವರ ಜಾಗಕ್ಕೆ ಇನ್ನೂ ಯಾರೂ ಬಂದಿಲ್ಲ. ಜೂನ್‌ನಿಂದ ಆ ಪೀರಿಯಡ್‌ಗೆ ಯಾರು ಖಾಲಿ ಇರ್ತಾರೋ ಅವರು ಹೋಗಿ ಕೂತ್ಕೊಳ್ಳೋದು, ಮಕ್ಕಳು ಹೋಂವರ್ಕ್ ಬರ್ಕೊಳ್ಳೋದು, ಹೀಗೇ ನಡೀತಿದೆ.

ಹೋದ ವಾರ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆ ಇತ್ತು. ಎಸ್‌ಎಸ್‌ಎಲ್‌ಸಿ ಫಲಿತಾಂಶದ ಮಾತು ಬಂತು. ಸದಸ್ಯರೊಬ್ಬರು, "ಹೇಗೂ ಡ್ರಾಯಿಂಗ್ ಮೇಷ್ಟ್ರಿಲ್ಲ. ವಾರಕ್ಕೆ ಎರಡು ಪೀರಿಯಡ್ ಸುಮ್ನೆ ಹೋಗ್ತಿದೆ. ಅದನ್ನ ಗಣಿತಕ್ಕೆ ಕೊಟ್ಟುಬಿಡಿ" ಅಂದರು. ಎಲ್ಲರೂ ತಲೆಯಾಡಿಸಿ ನನ್ನ ಕಡೆ ನೋಡಿದರು. ನನಗೆ ಖುಷಿಯಾಗಬೇಕಿತ್ತು. ಸಿಲಬಸ್ ಮುಗಿಸೋಕೆ ಪೀರಿಯಡ್ ಸಾಲಲ್ಲ ಅಂತ ಪ್ರತಿ ವರ್ಷ ಗೋಳಾಡೋಳು ನಾನೇ. ಆದರೂ ಬಾಯಿಂದ "ಆಗಲಿ" ಅನ್ನೋ ಮಾತು ಹೊರಡಲೇ ಇಲ್ಲ.

ಕಾರಣ ಹೇಳ್ತೀನಿ. ಒಂಬತ್ತನೇ ತರಗತಿಗೆ ನಾನು ಕ್ಲಾಸ್ ಟೀಚರ್. ಅಲ್ಲೊಬ್ಬ ಹುಡುಗ ಇದಾನೆ. ಗಣಿತದಲ್ಲಿ ಹಿಂದೆ, ಇಂಗ್ಲಿಷ್‌ನಲ್ಲೂ ಹಿಂದೆ, ಕೊನೇ ಬೆಂಚು. ಹೋದ ವರ್ಷ ಅವನು ಬರೆದ, ಮರ ಹತ್ತಿ ಅಡಿಕೆ ಕೊನೆ ಇಳಿಸೋ ಕೊನೆಗಾರನ ಚಿತ್ರವನ್ನ ಮೇಷ್ಟ್ರು ಫ್ರೇಮ್ ಹಾಕಿಸಿ ಸ್ಟಾಫ್ ರೂಮ್ ಬಾಗಿಲ ಪಕ್ಕ ತೂಗುಹಾಕಿದ್ದರು. ಈ ವರ್ಷ ಅವನು ಶಾಲೆ ತಪ್ಪಿಸೋದು ಜಾಸ್ತಿಯಾಗಿದೆ. ಮೊನ್ನೆ ಸುಮ್ಮನೆ ಹೋದ ವರ್ಷದ ಹಾಜರಿ ಪುಸ್ತಕ ತೆಗೆದು ನೋಡಿದೆ. ವಾರದಲ್ಲಿ ಒಂದೋ ಎರಡೋ ದಿನ ಗೈರು ಆಗ್ಲೂ ಇತ್ತು. ಆದರೆ ಮಂಗಳವಾರ, ಶುಕ್ರವಾರ ಮಾತ್ರ ಇಡೀ ವರ್ಷ ಒಂದು ಸಲವೂ ತಪ್ಪಿಸಿಲ್ಲ. ಚಿತ್ರಕಲೆ ಇದ್ದದ್ದು ಆ ಎರಡು ದಿನ.

ಇನ್ನು ಎರಡು ವಾರಕ್ಕೆ ಮತ್ತೆ ಸಭೆ ಇದೆ. ಕಲಾ ಶಿಕ್ಷಣ ಯಾಕೆ ಬೇಕು ಅಂತ ನನಗೆ ಮನಸ್ಸಲ್ಲಿ ಗೊತ್ತಿದೆ, ಹೇಳೋಕೆ ಮಾತು ಸಾಲ್ತಿಲ್ಲ. ತಿಳಿದವರು ಹೇಳಿ.

ಎರಡು ಮಕ್ಕಳ ಅಪ್ಪ, ಬಳ್ಳಾರಿ

ಮೇಡಂ, ಬೇಜಾರು ಮಾಡ್ಕೋಬೇಡಿ, ನಾನು ನಿಮ್ಮ ಎಸ್‌ಡಿಎಂಸಿಯವರ ಪರ. ನನ್ನ ಮಗಳು ಸರ್ಕಾರಿ ಶಾಲೇಲಿ ಎಂಟನೇ ಕ್ಲಾಸು. ನಾನೂ ಸರ್ಕಾರಿ ಶಾಲೇಲೇ ಓದಿದ್ದು. ಹತ್ತನೇ ಕ್ಲಾಸಲ್ಲಿ ಗಣಿತ ಹೋಯ್ತು, ಅಲ್ಲಿಗೆ ನನ್ನ ಓದು ಮುಗೀತು. ಈಗ ಟಿಪ್ಪರ್ ಓಡಿಸ್ತೀನಿ.

ಗ್ರಾಮೀಣ ಭಾರತದಲ್ಲಿ ಐದನೇ ತರಗತಿ ಮಕ್ಕಳಲ್ಲಿ ಸುಮಾರು ಅರ್ಧ ಜನಕ್ಕೆ ಎರಡನೇ ತರಗತಿ ಪಾಠ ಓದೋಕೆ ಬರಲ್ಲ ಅಂತ ಮಕ್ಕಳ ಕಲಿಕೆಯ ಸಮೀಕ್ಷೆ ಮಾಡೋ ಅಸರ್ ವರದಿ ಮತ್ತೆ ಮತ್ತೆ ಹೇಳ್ತಾನೇ ಇದೆ. ಎಸ್‌ಎಸ್‌ಎಲ್‌ಸಿ ಅಂದ್ರೆ 625 ಅಂಕ. ಅದರಲ್ಲಿ ಚಿತ್ರಕ್ಕೆ ಒಂದು ಅಂಕವೂ ಇಲ್ಲ. ಕಲೆ ಬೇಕು, ಸಂಗೀತ ಬೇಕು ಅಂತ ಮಾತಾಡೋರ ಮಕ್ಕಳು ಸಂಜೆ ಟ್ಯೂಷನ್‌ಗೂ ಹೋಗ್ತಾರೆ. ನಮ್ಮ ಮಕ್ಕಳಿಗೆ ಇರೋದು ಶಾಲೆ ಒಂದೇ. ಅಲ್ಲಿ ಸಿಗೋ ಎರಡು ಪೀರಿಯಡ್ ಗಣಿತ ಆದ್ರೆ ಒಬ್ಬ ಹುಡುಗ ಪಾಸಾಗ್ತಾನೆ ಅಂದ್ರೆ ಅದು ಸಣ್ಣ ವಿಷಯ ಅಲ್ಲ.

ಜಯನಗರದ ಅಮ್ಮ

ಬಳ್ಳಾರಿಯವರೇ, ನೀವು ಹೇಳಿದ್ದು ನನಗೆ ತಾಗಿತು. ನನ್ನ ಮಗಳು ಓದೋದು ಖಾಸಗಿ ಶಾಲೆ. ಭರತನಾಟ್ಯಕ್ಕೆ ತಿಂಗಳಿಗೆ 2,000, ಶನಿವಾರದ ಚಿತ್ರಕಲೆ ಕ್ಲಾಸಿಗೆ 1,500 ಕೊಡ್ತೀವಿ. ಅವಳ ಶಾಲೆಯಲ್ಲಿ ಕಲೆ ಇರಲಿ ಇಲ್ಲದಿರಲಿ, ಅವಳಿಗೆ ಸಿಗುತ್ತೆ. ನಮ್ಮ ಮನೆಗೆ ಕೆಲಸಕ್ಕೆ ಬರೋ ಅಕ್ಕನ ಮಗಳು ಪಕ್ಕದ ಸರ್ಕಾರಿ ಶಾಲೆಗೆ ಹೋಗ್ತಾಳೆ, ಬಹಳ ಚೆನ್ನಾಗಿ ಹಾಡ್ತಾಳೆ. ಅವಳ ಶಾಲೆಯಲ್ಲಿ ಸಂಗೀತ ಇಲ್ಲ ಅಂದರೆ ಅವಳಿಗೆ ಬೇರೆ ಎಲ್ಲೂ ಇಲ್ಲ. ನಿಮ್ಮ ಮಕ್ಕಳಿಗೆ ಇರೋದು ಶಾಲೆ ಒಂದೇ ಅಂದಿರಿ. ಅದಕ್ಕೇ ಅಲ್ವಾ ಅದು ಶಾಲೆಯಲ್ಲೇ ಇರಬೇಕಾದ್ದು?

ದುಡ್ಡು ಕೊಡೋ ಶಾಲೆಗಳಲ್ಲಿ ಕಲಾ ಶಿಕ್ಷಣ ಚೆನ್ನಾಗಿದೆ ಅಂತ ಯಾರೂ ತಿಳ್ಕೋಬೇಡಿ. ನಮ್ಮಲ್ಲಿ ಜೂನ್‌ನಲ್ಲಿ ಒಂದು ಕಿಟ್ ಕೊಡ್ತಾರೆ. ಅದರಲ್ಲಿ ಮೊದಲೇ ಕತ್ತರಿಸಿಟ್ಟ ಚಿಟ್ಟೆ, ಮೊದಲೇ ಗೆರೆ ಹಾಕಿದ ಮನೆ. ಮೂವತ್ತೆಂಟು ಮಕ್ಕಳು ಮೂವತ್ತೆಂಟು ಒಂದೇ ಥರದ ಚಿಟ್ಟೆ ಅಂಟಿಸ್ತಾರೆ. ನನ್ನ ಮಗಳು ಚಿಟ್ಟೆಗೆ ಬೂದು ಬಣ್ಣ ಹಚ್ಚಿದ್ದಕ್ಕೆ "ಬ್ರೈಟ್ ಕಲರ್ ಹಾಕು" ಅಂತ ಟೀಚರ್ ಅದರ ಮೇಲೇ ಬೇರೆ ಬಣ್ಣ ಹಚ್ಚಿಕೊಟ್ಟಿದ್ದರು. ನಮ್ಮ ಬಾಲ್ಕನಿಗೆ ಬರೋ ಚಿಟ್ಟೆ ಬೂದು ಬಣ್ಣದ್ದೇ, ಅವಳು ಅದನ್ನ ನೋಡಿದ್ದಳು.

ವಾರ್ಷಿಕೋತ್ಸವಕ್ಕೆ ಹೊರಗಿಂದ ಡ್ಯಾನ್ಸ್ ಮಾಸ್ಟರ್ ಕರೆಸ್ತಾರೆ. ಒಂದು ತಿಂಗಳು ಪಾಠ ಬಂದ್. ಚೆನ್ನಾಗಿ ಕುಣಿಯೋರು ಮುಂದಿನ ಸಾಲು, ಉಳಿದವರು ಹಿಂದೆ ಮರ, ಮೋಡ. ನಾವೆಲ್ಲ ಮೊಬೈಲ್ ಎತ್ತಿ ಹಿಡಿದು ರೆಕಾರ್ಡ್ ಮಾಡ್ಕೋತೀವಿ. ಇದನ್ನ ಕಲಾ ಶಿಕ್ಷಣ ಅಂತ ಕರೆಯೋಕೆ ನನಗೆ ಮನಸ್ಸು ಬರಲ್ಲ.

ಕಾಯ್ದೆ ಪುಸ್ತಕ

ಸಭೆಯಲ್ಲಿ ಹೇಳಲು ಅನುಕೂಲವಾಗಲಿ ಎಂದು ಕೆಲವು ಆಧಾರಗಳನ್ನು ಕೊಡುತ್ತೇನೆ.

2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಲ್ಲಿ, 6ರಿಂದ 8ನೇ ತರಗತಿವರೆಗೆ ದಾಖಲಾತಿ ನೂರು ಮೀರಿದ ಶಾಲೆಗೆ ಕಲಾ ಶಿಕ್ಷಣ, ಆರೋಗ್ಯ ಮತ್ತು ದೈಹಿಕ ಶಿಕ್ಷಣ, ಕಾರ್ಯ ಶಿಕ್ಷಣ ಈ ಮೂರಕ್ಕೂ ಅರೆಕಾಲಿಕ ಬೋಧಕರು ಇರಬೇಕು ಎಂದು ಬರೆದಿದೆ. ಇಲ್ಲಿ ಎರಡು ತೊಡಕು. ಒಂದು, ಹಳ್ಳಿಯ ಎಷ್ಟೋ ಶಾಲೆಗಳಲ್ಲಿ ಆ ಮೂರು ತರಗತಿ ಸೇರಿಸಿದರೂ ನೂರು ಮಕ್ಕಳಿರುವುದಿಲ್ಲ. ಎರಡು, ಮೇಡಂ ಅವರದು ಪ್ರೌಢಶಾಲೆ. ಒಂಬತ್ತು, ಹತ್ತನೇ ತರಗತಿಗಳು ಈ ಕಾಯ್ದೆಯ ವ್ಯಾಪ್ತಿಗೆ ಬರುವುದಿಲ್ಲ. ಆದ್ದರಿಂದ ಇದೊಂದನ್ನೇ ನಂಬಿಕೊಂಡು ವಾದಕ್ಕೆ ಇಳಿಯಬೇಡಿ.

2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹತ್ತನೇ ತರಗತಿಯವರೆಗೂ ಕಲೆಯನ್ನು ಒಂದು ವಿಷಯವಾಗಿಯೇ ಕಲಿಸಬೇಕು ಎಂದಿತ್ತು. 2023ರ ಚೌಕಟ್ಟಿನಲ್ಲೂ ಅದಕ್ಕೆ ಸ್ವತಂತ್ರ ಸ್ಥಾನವಿದೆ. ಅದರ ಫಲವಾಗಿ ಕೇಂದ್ರದ ಪಠ್ಯಪುಸ್ತಕ ಸಂಸ್ಥೆ ಎನ್‌ಸಿಇಆರ್‌ಟಿ 2024ರಲ್ಲಿ ಆರನೇ ತರಗತಿಗೆ "ಕೃತಿ" ಎಂಬ ಕಲಾ ಪಠ್ಯಪುಸ್ತಕ ತಂದಿದೆ. ದೃಶ್ಯಕಲೆ, ಸಂಗೀತ, ನೃತ್ಯ, ರಂಗಕಲೆ ನಾಲ್ಕೂ ಅದರಲ್ಲಿವೆ. ನಮ್ಮ ರಾಜ್ಯ ಬೇರೆ ದಾರಿ ಹಿಡಿದಿದೆ, ತನ್ನದೇ ಶಿಕ್ಷಣ ನೀತಿಗಾಗಿ 2023ರಲ್ಲಿ ಸುಖದೇವ್ ಥೋರಟ್ ಅಧ್ಯಕ್ಷತೆಯಲ್ಲಿ ಆಯೋಗ ರಚಿಸಿತು. ಯಾವ ನೀತಿ ಬಂದರೂ ಹುದ್ದೆ ತುಂಬದಿದ್ದರೆ ಪುಸ್ತಕ ಪುಸ್ತಕವಾಗಿಯೇ ಉಳಿಯುತ್ತದೆ.

ಇನ್ನೊಂದು ಮಾತು. ನಿಮ್ಮ ಶಾಲೆಯ ಸಿಸಿಇ (ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನ) ದಾಖಲೆಯಲ್ಲಿ ಭಾಗ-ಬಿ ಎಂದು ಇದೆಯಲ್ಲ, ಅದರಲ್ಲಿ ಕಲಾ ಶಿಕ್ಷಣಕ್ಕೂ ಶ್ರೇಣಿ ಕೊಡಬೇಕು. ಪಾಠವನ್ನೇ ಮಾಡದೆ ಶ್ರೇಣಿ ತುಂಬುವುದು ಸರಿಯೇ ಎಂದು ಸಭೆಯಲ್ಲಿ ಕೇಳಿ.

ಗಣಿತ ಮೇಡಂ, ಸಾಗರ

ಭಾಗ-ಬಿ ವಿಷಯ ನೀವು ಎತ್ತಿದ್ದು ಒಳ್ಳೇದಾಯ್ತು. ಕ್ಲಾಸ್ ಟೀಚರ್ ಆಗಿ ಆ ಶ್ರೇಣಿ ತುಂಬಬೇಕಾದವಳು ಈ ವರ್ಷ ನಾನೇ. ಏನು ನೋಡಿ ತುಂಬಲಿ?

ಗದಗಿನ ಬಣ್ಣದ ಮಾಸ್ತರ

ಮೇಡಂ ಅವರ, ನಮಸ್ಕಾರ. ನಾ 33 ವರ್ಷ ಚಿತ್ರಕಲಾ ಮಾಸ್ತರಕಿ ಮಾಡೀನಿ. ಈಗ ರಿಟೈರ್ ಆಗೀನಿ. ನಿಮ್ಮ ಸಾಲಿ ಮಾಸ್ತರು ಆ ಹುಡುಗನ ಚಿತ್ರಕ್ಕ ಕಟ್ಟು ಹಾಕಿಸಿ ಗ್ವಾಡಿಗೆ ತೂಗ ಹಾಕಿದ್ರು ಅಂತ ಓದಿ ಭಾಳ ಸಂತೋಷ ಆತು.

ಮಂದಿ ಒಂದು ಮಾತು ಹೇಳತಾರ, ಚಿತ್ರಾ ಬರದ್ರ ಗಣಿತ ಚಲೋ ಆಗತದ, ಬುದ್ಧಿ ಚುರುಕ ಆಗತದ ಅಂತ. ನಿಮ್ಮ ಸಭಾದಾಗ ದಯವಿಟ್ಟು ಆ ಮಾತು ಹೇಳಬ್ಯಾಡ್ರಿ. ಹಂಗಂದ್ರ ಅವರು, "ಹಂಗಾರ ಸೀದಾ ಗಣಿತಾನ ಹೇಳಿಕೊಡ್ರಿ" ಅಂತಾರ. ಅವರು ಅನ್ನೂದೂ ಖರೇನ. ಚಿತ್ರಕಲಾದಾಗ ಕಲಿಯೂದು ಬ್ಯಾರೆನ ಅದ.

ನಾ ಏನು ಮಾಡತಿದ್ದೆ ಹೇಳತೀನಿ ಕೇಳ್ರಿ. ಒಂಬತ್ತನೇ ಇಯತ್ತೆ ಹುಡುಗೂರ ಮುಂದ ಸ್ಟೂಲಿನ ಮ್ಯಾಲ ಒಂದು ಹಿತ್ತಾಳಿ ತಂಬಿಗಿ ಇಡತಿದ್ದೆ. ಬರೀರಿ ಅಂದ್ರ ಎಲ್ಲಾರೂ ತಂಬಿಗಿ ಬಾಯಿ ಪೂರಾ ಗುಂಡಗ ಬರೀತಿದ್ರು. ಯಾಕಂದ್ರ ತಂಬಿಗಿ ಬಾಯಿ ಗುಂಡಗ ಇರತದ ಅಂತ ಅವರಿಗೆ ಗೊತ್ತದ. ದಿನಾ ಅದರಾಗ ನೀರು ಕುಡೀತಾರ. ನಾ ರಬ್ಬರ್ ಹಚ್ಚಿ ತಿದ್ದತಿರಲಿಲ್ಲ. ತಂಬಿಗಿ ಅವರ ಕೈಯಾಗ ಕೊಟ್ಟು, "ತೊಡಿ ಮ್ಯಾಲಿಂದ ಹಗೂರಕ ಕಣ್ಣಿನ ಮಟ ಎತ್ತು, ಬಾಯಿ ಏನಾಗತದ ನೋಡಕೋತ ಎತ್ತು" ಅಂತಿದ್ದೆ. ಎತ್ತಿಕೋತ ಹೋದಂಗ ಗುಂಡು ಹೋಗಿ ತತ್ತಿ ಆಗತದ. ತತ್ತಿ ಹೋಗಿ ಸಣ್ಣ ಎಲಿ ಆಗತದ. ಕಣ್ಣಿಗೆ ಸರೀ ಸಮಾ ಬಂದ ಕೂಡ್ಲೇ ಬರೇ ಒಂದು ಗೆರಿ. ಅಷ್ಟ. ಇನ್ನೂ ಮ್ಯಾಲೆತ್ತಿದ್ರ ಬಾಯಿ ಮುಚ್ಚಿ ತಳಾ ಕಾಣಾಕ ಹತ್ತತದ. ಆ ಗೆರಿ ಕಂಡ ಹುಡುಗನ ಮಾರಿ ನೋಡಬೇಕ್ರಿ. ಹತ್ತು ಸಲ ಮ್ಯಾಲ ಕೆಳಗ ಮಾಡಿ ನೋಡತಿದ್ರು. ಒಬ್ಬಾಕಿ ಹುಡುಗಿ, "ಸರ, ಇಷ್ಟು ವರ್ಷ ನಾ ತಂಬಿಗಿ ನೋಡೇ ಇಲ್ಲ" ಅಂದಿದ್ದಳು.

ಇದ ನೋಡ್ರಿ ನಾವು ಕಲಸೂದು. ಗೊತ್ತಿರೂದನ್ನ ಬಾಜೂಕ ಇಟ್ಟು, ಕಣ್ಣಿಗೆ ಕಾಣೂದನ್ನ ನೋಡೂದು. ಲೋವರ್ ಗ್ರೇಡ್, ಹೈಯರ್ ಗ್ರೇಡ್ ಚಿತ್ರಕಲಾ ಪರೀಕ್ಷಾಕ್ಕ ನೂರಾರು ಹುಡುಗೂರನ್ನ ಕೂಡ್ಸೀನಿ. ಅದರಾಗ ಚಿತ್ರಾನ ಹೊಟ್ಟೀಪಾಡು ಮಾಡಿಕೊಂಡವರು ಬೆರಳೆಣಿಕಿ. ಉಳದವರು ಒಕ್ಕಲತನ ಮಾಡತಾರ, ಕಂಡಕ್ಟರ್ ಆಗ್ಯಾರ, ನರ್ಸ್ ಆಗ್ಯಾರ. ಅವರಿಗೆ ಕಲಸಿದ್ದು ದಂಡ ಆತು ಅಂತ ನನಗ ಒಂದು ದಿನಾನೂ ಅನಿಸಿಲ್ಲ.

ನಮ್ಮ ಕಡೆ ಈ ಕೆಲಸಾ ಸರಕಾರದ ಹಾದಿ ಕಾಯದ ಮಾಡಿದವರು ಇದ್ದಾರ. ಧಾರವಾಡದಾಗ ಡಿ. ವಿ. ಹಾಲಭಾವಿ ಅವರು 1935ರಾಗ ಚಿತ್ರಕಲಾ ಸಾಲಿ ತಗದ್ರು. ನಮ್ಮ ಗದಗಿನ ವೀರೇಶ್ವರ ಪುಣ್ಯಾಶ್ರಮದಾಗ ಪಂಚಾಕ್ಷರಿ ಗವಾಯಿಗಳು, ಅವರ ಹಿಂದ ಪುಟ್ಟರಾಜ ಗವಾಯಿಗಳು, ಕಣ್ಣಿಲ್ಲದ ಮಕ್ಕಳಿಗೆ, ಬಡವರ ಮಕ್ಕಳಿಗೆ ಊಟಾ ಹಾಕಿ ಸಂಗೀತ ಕಲಿಸಿದ್ರು. ಬಳ್ಳಾರಿ ಸಾಹೇಬ್ರ, ಬಡವರ ಮಕ್ಕಳಿಗೆ ಮೊದಲ ಅನ್ನ, ಕಡೀಕ ಕಲಾ ಅಂತ ಅವರು ಬ್ಯಾರೆ ಮಾಡಲಿಲ್ಲ. ಎರಡೂ ಕೂಡೇ ಕೊಟ್ಟರು.

ಪೀಣ್ಯ ಶಿಫ್ಟ್

ನಾನು ಪೀಣ್ಯದಲ್ಲಿ ಸಿಎನ್‌ಸಿ ಮಷಿನ್ ಆಪರೇಟರ್. ಮಂಡ್ಯ ಕಡೆಯವನು. ಸರ್ಕಾರಿ ಹೈಸ್ಕೂಲಲ್ಲಿ ಲೋಯರ್ ಗ್ರೇಡ್ ಪಾಸ್ ಮಾಡಿದ್ದೆ. ಆ ಸರ್ಟಿಫಿಕೇಟ್‌ನಿಂದ ಒಂದು ರೂಪಾಯಿ ಕೆಲಸವೂ ಸಿಕ್ಕಿಲ್ಲ, ಸಿಗಲಿ ಅಂತ ಬರೆದಿದ್ದೂ ಅಲ್ಲ. ರಾತ್ರಿ ಪಾಳಿ ಮುಗಿಸ್ಕೊಂಡು ಬಂದ್ರೆ ಬೆಳಿಗ್ಗೆ ನಿದ್ದೆ ಹತ್ತಲ್ಲ. ಆಗ ಬಾಲ್ ಪೆನ್ನಲ್ಲಿ ರೂಮ್ ಕಿಟಕಿಯಿಂದ ಕಾಣೋದನ್ನ ಬರೀತೀನಿ. ನೀರಿನ ಟ್ಯಾಂಕು, ಒಣಗಾಕಿರೋ ಬಟ್ಟೆ, ಮೆಟ್ರೋ ಕಂಬ. ಏಳು ನೋಟ್‌ಬುಕ್ ತುಂಬಿದೆ. ಜೊತೆಗಿರೋ ಹುಡುಗರು ಎಣ್ಣೆ ಕಡೆ ಹೋದಾಗ ನಾನು ಹೋಗದೇ ಉಳಿದದ್ದು ಇದರಿಂದ. ಮಾಸ್ತರೇ, ನಿಮ್ಮ ತಂಬಿಗೆ ಓದಿ ನಮ್ಮ ಮೇಷ್ಟ್ರು ನೆನಪಾದರು. ಅವರು ಬಕೆಟ್ ಇಡ್ತಿದ್ದರು.

ಎರಡು ಮಕ್ಕಳ ಅಪ್ಪ, ಬಳ್ಳಾರಿ

ಮಾಸ್ತರು ಹೇಳಿದ್ದು ಓದಿದೆ. ಗವಾಯಿಗಳ ಹೆಸರು ತಗೊಂಡ ಮೇಲೆ ಎದುರು ಮಾತಾಡೋಕೆ ಬಾಯಿ ಬರಲ್ಲ. ಆದರೂ ಕೇಳ್ತೀನಿ. ಓದೋಕೇ ಬಾರದ ಮಗುವಿಗೆ ಏನು ಮಾಡ್ತೀರಿ? ಅದು ಮೊದಲಲ್ವಾ?

ನಲಿಕಲಿ ಟೀಚರ್

ಇದಕ್ಕೆ ನಾನು ಉತ್ತರ ಕೊಡಬಹುದು ಅಣ್ಣ. ನಾನು ಹೆಗ್ಗಡದೇವನಕೋಟೆ ಕಡೆ ಪ್ರಾಥಮಿಕ ಶಾಲೆಯಲ್ಲಿದ್ದೀನಿ. ಚಿಕ್ಕ ಮಕ್ಕಳಿಗೆ ಆಟವಾಡಿಸ್ತಾ ಕಲಿಸೋ ನಲಿ-ಕಲಿ 1995ರಲ್ಲಿ ಶುರುವಾದದ್ದೇ ನಮ್ಮ ತಾಲ್ಲೂಕಿನಲ್ಲಿ. ಹಾಡು, ಕಾರ್ಡು, ಆಟ, ಗೋಡೆಯ ಕೆಳಗೆ ಮಕ್ಕಳಿಗೇ ಬರೆಯೋಕೆ ಕಪ್ಪು ಪಟ್ಟಿ. ಚಿಕ್ಕ ಮಕ್ಕಳು ಅಕ್ಷರ ಕಲಿಯೋದೇ ಹಾಡಿಕೊಂಡು, ಗೀಚಿಕೊಂಡು. ನಮಗೆ ನೋವಾಗೋದು ನಾಲ್ಕನೇ ತರಗತಿಗೆ ಬಂದಾಗ. ಅಲ್ಲಿಗೆ ಹಾಡು ನಿಂತುಹೋಗುತ್ತೆ, ಬೆಂಚು ಶುರುವಾಗುತ್ತೆ.

ಎರಡು ವರ್ಷದ ಹಿಂದೆ ಐದನೇ ತರಗತಿಯಲ್ಲಿ ಒಬ್ಬ ಹುಡುಗನಿಗೆ ಓದೋಕೆ ಬರ್ತಿರಲಿಲ್ಲ. ಪುಸ್ತಕ ಕೊಟ್ಟರೆ ಹೊಟ್ಟೆನೋವು ಅಂತ ಆಚೆ ಓಡ್ತಿದ್ದ. ಆ ವರ್ಷ ಒಂದು ಪುಟ್ಟ ನಾಟಕ ಮಾಡಿಸಿದೆ, ಅವನಿಗೆ ಕಾಗೆ ಪಾತ್ರ. ಒಂಬತ್ತೇ ಮಾತು. ಮೊದಲು ಗೆಳೆಯನ ಕೈಲಿ ಓದಿಸಿಕೊಂಡು ಬಾಯಿಪಾಠ ಮಾಡಿದ. ಆಮೇಲೆ ಒಂದಿನ ಚೀಟಿ ಹಿಡ್ಕೊಂಡು ಬಂದು, "ಮಿಸ್, ಇಲ್ಲಿ 'ಕಳ್ಳ' ಅಂತ ಎಲ್ಲಿದೆ?" ಅಂತ ಕೇಳಿದ. ತನ್ನ ಬಾಯಲ್ಲಿರೋ ಮಾತು ಕಾಗದದ ಮೇಲೆ ಎಲ್ಲಿದೆ ಅಂತ ಬೆರಳಿಟ್ಟು ಹುಡುಕೋಕೆ ಶುರು ಮಾಡಿದ. ಅದು ಪಠ್ಯಪುಸ್ತಕದಲ್ಲಿ ಐದು ವರ್ಷದಿಂದ ಆಗದೇ ಇದ್ದದ್ದು. ಸುಳ್ಳು ಹೇಳಲ್ಲ, ವರ್ಷದ ಕೊನೆಗೂ ಒತ್ತಕ್ಷರ ತಡವರಿಸ್ತಿದ್ದ. ಆದರೆ ಪುಸ್ತಕ ಕಂಡ್ರೆ ಓಡ್ತಿರಲಿಲ್ಲ.

ಶಾಲಾ ಮಕ್ಕಳ ಸ್ಪರ್ಧೆ ಪ್ರತಿಭಾ ಕಾರಂಜಿ ಬಗ್ಗೆಯೂ ಒಂದು ಮಾತು. ಕ್ಲಸ್ಟರ್, ತಾಲ್ಲೂಕು, ಜಿಲ್ಲೆ, ರಾಜ್ಯ ಅಂತ ಮಕ್ಕಳಿಗೆ ವೇದಿಕೆ ಸಿಗೋದು ಒಳ್ಳೇದೇ, ನಮ್ಮ ಮಕ್ಕಳೂ ಜನಪದ ಗೀತೆಯಲ್ಲಿ ಬಹುಮಾನ ತಂದಿದಾರೆ. ಆದರೆ ನಿಜವಾಗಿ ಏನಾಗುತ್ತೆ? ದಿನಾಂಕ ಬಂದ ಮೇಲೆ ಚೆನ್ನಾಗಿ ಹಾಡೋ ಇಬ್ಬರನ್ನ, ಚೆನ್ನಾಗಿ ರಂಗೋಲಿ ಹಾಕೋ ಒಬ್ಬಳನ್ನ ಆರಿಸಿ ಒಂದು ವಾರ ತಯಾರಿ ಮಾಡಿಸ್ತೀವಿ. ಉಳಿದ ಮಕ್ಕಳು ಚಪ್ಪಾಳೆ ತಟ್ಟೋಕೆ. ಸ್ಪರ್ಧೆಗೆ ಆರಿಸೋಕೂ ಕಲಿಸೋಕೂ ವ್ಯತ್ಯಾಸ ಇದೆ. ಬೇಸಿಗೆಯಲ್ಲಿ ಮೈಸೂರಿನ ರಂಗಾಯಣದ ಮಕ್ಕಳ ರಂಗಶಿಬಿರ ಚಿಣ್ಣರ ಮೇಳಕ್ಕೆ ಹೋಗಿ ಬಂದ ಮಕ್ಕಳನ್ನ ನೋಡಿದೀನಿ, ಬೇರೆಯೇ ಮಕ್ಕಳಾಗಿ ಬರ್ತಾರೆ. ನಮ್ಮ ಹಾಡಿಯ (ಆದಿವಾಸಿಗಳ ಕೇರಿಯ) ಮಗುವನ್ನ ಒಂದು ತಿಂಗಳು ದಿನಾ ಮೈಸೂರಿಗೆ ಯಾರು ಕರ್ಕೊಂಡು ಹೋಗ್ತಾರೆ?

ಚೆಂಡೆ ಮದ್ದಳೆ

ಉಡುಪಿಯಿಂದ. ಶಾಲೆಗಳಿಗೆ ಹೋಗಿ ಯಕ್ಷಗಾನ ಕಲಿಸುವುದು ನನ್ನ ಕೆಲಸ. ನಮ್ಮಲ್ಲಿ ಯಕ್ಷಶಿಕ್ಷಣ ಟ್ರಸ್ಟ್ ಎಷ್ಟೋ ವರ್ಷಗಳಿಂದ ಪ್ರೌಢಶಾಲೆಗಳಲ್ಲಿ ಇದನ್ನು ನಡೆಸಿಕೊಂಡು ಬಂದಿದೆ. ಮಕ್ಕಳು ಮಳೆಗಾಲದಿಂದ ಕಲಿತು ವರ್ಷದ ಕೊನೆಗೆ ಪೂರ್ಣ ವೇಷ ಕಟ್ಟಿ ಪ್ರಸಂಗ ಆಡುತ್ತಾರೆ. ಎಲ್ಲ ಜಾತಿ, ಎಲ್ಲ ಧರ್ಮದ ಮಕ್ಕಳು. ಹೆಣ್ಣುಮಕ್ಕಳೂ ಇದ್ದಾರೆ. ನನ್ನ ತಂದೆಯ ಕಾಲದಲ್ಲಿ ಹುಡುಗಿ ಗೆಜ್ಜೆ ಕಟ್ಟಿ ಭೀಮನ ವೇಷ ಮಾಡುವುದನ್ನು ಯಾರೂ ಯೋಚಿಸುತ್ತಿರಲಿಲ್ಲ.

ಹೆಜ್ಜೆ, ತಾಳ, ಅಭಿನಯದ ಬಗ್ಗೆ ನಾನು ಹೇಳುವುದಿಲ್ಲ. ಅರ್ಥದ ಬಗ್ಗೆ ಹೇಳುತ್ತೇನೆ. ನೋಡದವರಿಗಾಗಿ: ಯಕ್ಷಗಾನದಲ್ಲಿ ಭಾಗವತರು ಪದ್ಯ ಹಾಡುತ್ತಾರೆ, ಆ ಪದ್ಯದ ಅರ್ಥವನ್ನು ಪಾತ್ರಧಾರಿ ತನ್ನ ಮಾತಿನಲ್ಲಿ ಹೇಳಬೇಕು. ಆ ಮಾತನ್ನು ಯಾರೂ ಬರೆದು ಕೊಡುವ ಪದ್ಧತಿ ಇಲ್ಲ. ಎದುರಿನವನು ಏನು ಹೇಳುತ್ತಾನೋ ಅದನ್ನು ಕೇಳಿಸಿಕೊಂಡು, ಅದಕ್ಕೆ ತಕ್ಕ ಹಾಗೆ ನಿಂತ ನಿಲುವಿನಲ್ಲೇ ಉತ್ತರ ಕಟ್ಟಬೇಕು. ಶಾಲೆಯ ಮಕ್ಕಳಿಗೆ ಮೊದಲ ವರ್ಷ ನಾವು ಬರೆದೇ ಕೊಡುತ್ತೇವೆ, ಬೇರೆ ದಾರಿ ಇಲ್ಲ. ಎರಡನೇ ವರ್ಷ ಒಂದೊಂದೇ ಮಾತು ತೆಗೆದುಬಿಡುತ್ತೇನೆ, "ಇಲ್ಲಿ ನೀನೇ ಹೇಳು" ಎನ್ನುತ್ತೇನೆ.

ಒಬ್ಬಳು ಹುಡುಗಿ ಇದ್ದಳು, ತರಗತಿಯಲ್ಲಿ ಹೆಸರು ಕೂಗಿದರೂ ಉತ್ತರ ಕೊಡದವಳು. ಅವಳಿಗೆ ಅರ್ಜುನನ ಜೊತೆ ಯುದ್ಧ ಮಾಡುವ ತರುಣ ಸುಧನ್ವನ ಪಾತ್ರ, ಎದುರಿಗೆ ಅರ್ಜುನನಾಗಿ ಒಬ್ಬ ವಾಚಾಳಿ ಹುಡುಗ. ಅಭ್ಯಾಸದಲ್ಲಿ ಅವನು ಬರೆದುಕೊಟ್ಟದ್ದನ್ನು ಬಿಟ್ಟು, "ನೀನಿನ್ನೂ ಚಿಕ್ಕವನು, ಮನೆಗೆ ಹೋಗು" ಎಂದು ಸೇರಿಸಿಬಿಟ್ಟ. ಎಲ್ಲರೂ ನಕ್ಕರು. ಇವಳು ಒಂದು ಕ್ಷಣ ಸುಮ್ಮನಿದ್ದಳು. ಆಮೇಲೆ, "ಚಿಕ್ಕವನೆಂದು ಗೊತ್ತಿದ್ದೂ ಬಿಲ್ಲು ಹಿಡಿದು ಬಂದೆಯಲ್ಲ, ನಾಚಿಕೆ ಯಾರಿಗಾಗಬೇಕು?" ಎಂದಳು. ಚೆಂಡೆಯವರ ಕೈ ನಿಂತಿತು. ಅದನ್ನು ನಾನು ಕಲಿಸಿದ್ದಲ್ಲ. ಅವಳು ಮರುದಿನದಿಂದ ತರಗತಿಯಲ್ಲೂ ಕೈ ಎತ್ತತೊಡಗಿದಳು ಎಂದು ಅವಳ ಕನ್ನಡ ಟೀಚರ್ ಹೇಳಿದರು.

ಶಿವರಾಮ ಕಾರಂತರು ಪುತ್ತೂರಿನ ಬಾಲವನದಲ್ಲಿ ಮಕ್ಕಳಿಗೆ ನಾಟಕ, ಕುಣಿತ, ಆಟದ ಮೂಲಕವೇ ಕಲಿಸುವ ಪ್ರಯೋಗ ಮಾಡಿದ್ದರು. ನಿಮ್ಮ ಸಾಗರದಲ್ಲೇ ಹೆಗ್ಗೋಡಿನ ರಂಗಸಂಸ್ಥೆ ನೀನಾಸಮ್ ಇದೆ ಮೇಡಂ, 1949ರಿಂದ. ಅಲ್ಲಿ ಕಲಿತವರು ರಾಜ್ಯದ ಎಷ್ಟೋ ಶಾಲೆಗಳಲ್ಲಿ ಮಕ್ಕಳಿಗೆ ನಾಟಕ ಮಾಡಿಸಿದ್ದಾರೆ. ಕೆಲವರು ಸರ್ಕಾರಿ ಪ್ರೌಢಶಾಲೆಗಳಲ್ಲಿ ನಾಟಕ ಶಿಕ್ಷಕರಾಗಿಯೂ ಇದ್ದಾರೆ. ಹತ್ತಿರದಲ್ಲೇ ಯಾರಾದರೂ ಇರಬಹುದು, ಕೇಳಿ ನೋಡಿ. ಮತ್ತೆ ನಿಮ್ಮ ಊರಿನ ಮನೆಗಳಲ್ಲೇ ಏನಿದೆ ಎಂದೂ ನೋಡಿ. ನಮಗೆ ಯಕ್ಷಗಾನ ಇರುವ ಹಾಗೆ ನಿಮ್ಮಲ್ಲೂ ಏನಾದರೂ ಇದ್ದೇ ಇರುತ್ತದೆ.

ಗಣಿತ ಮೇಡಂ, ಸಾಗರ

ಚೆಂಡೆ ಮದ್ದಳೆಯವರೇ, ನಿಮ್ಮ ಕೊನೆಯ ಮಾತು ಓದಿ ತಲೆಗೆ ಹೊಳೆಯಿತು. ನಾನು ಹೇಳಿದ ಹುಡುಗ ದೀವರ ಸಮುದಾಯದವನು. ಅವರ ಮನೆಯ ಹೆಂಗಸರು ಮದುವೆಗೆ ಗೋಡೆ ಮೇಲೆ ಹಸೆ ಚಿತ್ತಾರ ಬರೀತಾರೆ, ಭೂಮಿ ಹುಣ್ಣಿಮೆಗೆ ಪೂಜೆಯ ಭೂಮಣ್ಣಿ ಬುಟ್ಟಿ ಮೇಲೆ ಚಿತ್ತಾರ ಬರೀತಾರೆ. ಹನ್ನೊಂದು ವರ್ಷದಿಂದ ಈ ಊರಲ್ಲಿದ್ದೂ ಆ ಹೆಂಗಸರಲ್ಲಿ ಒಬ್ಬರನ್ನ ಶಾಲೆಗೆ ಕರೆಯಬೇಕು ಅಂತ ನನಗೆ ಅನಿಸಿರಲಿಲ್ಲ. ನಿನ್ನೆ ಸಂಜೆ ಅವರ ಮನೆಗೆ ಹೋಗಿದ್ದೆ. ಅಜ್ಜಿ, "ನಂಗೆ ಓದೂ ಬರ, ಶಾಲೆಗೆ ಬಂದು ಎಂತ ಮಾಡ್ಲಿ" ಅಂದ್ರು. ಹುಡುಗ ಒಳಗಿಂದ ಓಡಿಬಂದು ಹಳೇ ಬುಟ್ಟಿ ತೋರಿಸಿದ. ಸೋಮವಾರ ಸಭೆ ಇದೆ, ಆಮೇಲೆ ಬರೀತೀನಿ.

ಜಯನಗರದ ಅಮ್ಮ

ಕಾಯ್ತಾ ಇರ್ತೀವಿ ಮೇಡಂ.

ಗಣಿತ ಮೇಡಂ, ಸಾಗರ

ಸಭೆ ಮುಗೀತು. ಪೂರ್ತಿ ಗೆದ್ದೆ ಅಂತ ಹೇಳಲಾರೆ.

ಕಾಯ್ದೆ ಪುಸ್ತಕದವರು ಹೇಳಿದ ಹಾಗೆ ಭಾಗ-ಬಿ ವಿಷಯ ಎತ್ತಿದೆ, ಮುಖ್ಯ ಶಿಕ್ಷಕರು ಗಂಭೀರವಾಗಿ ಕೇಳಿಸಿಕೊಂಡರು. ಮಾಸ್ತರು ಹೇಳಿದ ಹಾಗೆ ಗಣಿತಕ್ಕೆ ಉಪಕಾರ ಆಗುತ್ತೆ ಅನ್ನೋ ಮಾತು ಆಡಲೇ ಇಲ್ಲ. ಎರಡು ವರ್ಷದ ಹಾಜರಿ ಪುಸ್ತಕ ಮೇಜಿನ ಮೇಲಿಟ್ಟು ಮಂಗಳವಾರ, ಶುಕ್ರವಾರದ ಸಾಲುಗಳಿಗೆ ಸ್ಕೇಲ್ ಇಟ್ಟು ತೋರಿಸಿದೆ. ಅವನೊಬ್ಬನೇ ಅಲ್ಲ, ಒಂಬತ್ತನೇ ತರಗತಿಯಲ್ಲಿ ಇನ್ನೂ ಇಬ್ಬರದು ಹಾಗೇ ಇತ್ತು. "ಬಾರದ ಮಕ್ಕಳಿಗೆ ನಾನು ಗಣಿತ ಹೇಗೆ ಕಲಿಸಲಿ?" ಅಂತ ಕೇಳಿದೆ. ಮೊದಲು ಮಾತೆತ್ತಿದ್ದ ಸದಸ್ಯರೇ ಪುಸ್ತಕ ತಮ್ಮ ಕಡೆ ಎಳ್ಕೊಂಡು ತಿಂಗಳು ತಿಂಗಳು ತಿರುಗಿಸಿ ನೋಡಿದರು.

ಕೊನೆಗೆ ಎಂಟು, ಒಂಬತ್ತಕ್ಕೆ ಎರಡೂ ಪೀರಿಯಡ್ ಹಾಗೇ ಉಳೀತು. ಹತ್ತಕ್ಕೆ ಮಂಗಳವಾರದ್ದು ಉಳೀತು, ಶುಕ್ರವಾರದ್ದು ಗಣಿತಕ್ಕೆ ಬಂತು. ಚಿತ್ರಕಲೆಗೆ ಅತಿಥಿ ಶಿಕ್ಷಕರು ಸಿಗೋ ತನಕ ನಾನು, ಹಾಡೋಕೆ ಬರೋ ನಮ್ಮ ಹಿಂದಿ ಮೇಡಂ ಸೇರಿ ನೋಡ್ಕೋಬೇಕು. ಹುದ್ದೆ ತುಂಬಿ ಅಂತ ಎಸ್‌ಡಿಎಂಸಿಯಿಂದಲೇ ಪತ್ರ ಹೋಗ್ತಿದೆ.

ಎರಡು ಮಕ್ಕಳ ಅಪ್ಪ, ಬಳ್ಳಾರಿ

ಹಾಜರಿ ಲೆಕ್ಕ ಒಪ್ಪಿದೆ ಮೇಡಂ. ಹತ್ತಕ್ಕೆ ಒಂದು ಪೀರಿಯಡ್ ಗಣಿತಕ್ಕೆ ತಗೊಂಡಿದ್ದೂ ಸರಿ ಅಂತೀನಿ, ಅದರಲ್ಲಿ ನನ್ನ ಮಾತು ಬದಲಾಗಲ್ಲ. ನಿನ್ನೆ ಮಗಳನ್ನ ಕೇಳಿದೆ, ನಿಮ್ ಶಾಲೇಲಿ ಡ್ರಾಯಿಂಗ್ ಇದೆಯೇನಮ್ಮ ಅಂತ. "ಟೈಂಟೇಬಲ್‌ನಲ್ಲಿದೆ ಅಪ್ಪ" ಅಂದಳು. ಮುಂದಿನ ಸಭೆಗೆ ನಾನೂ ಹೋಗ್ತೀನಿ. ಇಲ್ಲಿ ತನಕ ಒಂದಕ್ಕೂ ಹೋಗಿರಲಿಲ್ಲ.

ಗಣಿತ ಮೇಡಂ, ಸಾಗರ

ನೀವು ಹೋಗ್ತೀರಿ ಅಂದದ್ದು ಓದಿ ನನಗೆ ತುಂಬಾ ಸಂತೋಷ ಆಯ್ತು ಅಣ್ಣ.

ದಸರಾ ರಜೆಗೆ ಮುಂಚಿನ ಶನಿವಾರ, ಅಂದರೆ ಇವತ್ತು, ಅಜ್ಜಿ ಬಂದಿದ್ದರು. ಮೊಮ್ಮಗ ಬುಟ್ಟಿ ಹೊತ್ತು ಮುಂದೆ, ಅಜ್ಜಿ ಹಿಂದೆ. ವರಾಂಡದಲ್ಲಿ ಚಾಪೆ ಹಾಕಿದ್ವಿ. ಕೆಮ್ಮಣ್ಣು ಬಳಿದು ಒಣಗಿಸಿದ ಬುಟ್ಟಿಗಳನ್ನ ಮಕ್ಕಳು ಮನೆಯಿಂದಲೇ ತಂದಿದ್ದರು. ಅಜ್ಜಿ ನೆನೆಸಿದ ಅಕ್ಕಿ ರುಬ್ಬಿ ಬಿಳಿ ಬಣ್ಣ ತಂದಿದ್ದರು, ಹುರಿದು ಕರಿ ಮಾಡಿದ ಅಕ್ಕಿಯಿಂದ ಕಪ್ಪು. ಕುಂಚ ಪುಂಡಿ ನಾರಿನದು, ತುದಿಯನ್ನ ಹಲ್ಲಲ್ಲಿ ಕಚ್ಚಿ ಸರಿಮಾಡಿಕೊಂಡರು. ಪೆನ್ಸಿಲ್ ಇಲ್ಲ, ಸ್ಕೇಲ್ ಇಲ್ಲ. ಬುಟ್ಟಿಯ ಅಂಚಿಂದ ಗೆರೆ ಎಳೆಯೋಕೆ ಶುರುಮಾಡಿ, ಬುಟ್ಟಿ ತಿರುಗಿಸ್ತಾ ತಿರುಗಿಸ್ತಾ ಇಡೀ ಸುತ್ತನ್ನ ಭಾಗ ಮಾಡಿದರು. ಉಸಿರು ಬಿಗಿಹಿಡಿದು ಗೆರೆ ಎಳೀತಾರೆ, ಗೆರೆ ಮುಗಿದ ಮೇಲೇ ಉಸಿರು ಬಿಡ್ತಾರೆ. ಅದನ್ನ ನಾನು ಗಮನಿಸಿರಲಿಲ್ಲ, ಎಂಟನೇ ತರಗತಿಯ ಹುಡುಗಿಯೊಬ್ಬಳು ತೋರಿಸಿದಳು.

ನನ್ನ ಗಣಿತದ ಚಾಳಿ ಬಿಡಲಿಲ್ಲ. ದಾರ ತಗೊಂಡು ಭಾಗಗಳನ್ನ ಅಳತೆ ಮಾಡಿದೆ. ಹನ್ನೆರಡು ಭಾಗದಲ್ಲಿ ಒಂದಕ್ಕೊಂದು ಒಂದು ಕಾಳಿನಷ್ಟು ವ್ಯತ್ಯಾಸ. ಅಜ್ಜಿ ನನ್ನ ದಾರ ನೋಡಿ, "ಅಳೆದರೆ ಕೈ ಹೆದರ್ತದೆ, ಅಳೀಬ್ಯಾಡ" ಅಂದರು. ದಾರ ಎತ್ತಿಟ್ಟೆ.

ಜೋಗಿ ಜಡೆ ಎಳೆ ಅನ್ನೋ ಚಿತ್ತಾರ ಬರೋ ಜಾಗದಲ್ಲಿ ಹೆಚ್ಚಿನ ಮಕ್ಕಳ ಗೆರೆ ಕಲಸಿಹೋಯ್ತು. ನಮ್ಮ ಹುಡುಗ ಒಬ್ಬೊಬ್ಬರ ಪಕ್ಕ ಕೂತು ಬುಟ್ಟಿ ತಿರುಗಿಸಿ ಕೊಡ್ತಿದ್ದ. ತರಗತಿಯಲ್ಲಿ ಮೊದಲ ರ‍್ಯಾಂಕ್ ಬರೋ ಹುಡುಗಿ ಅವನನ್ನ ಕರೆದು, "ಇದು ಸರಿ ಇದೆಯಾ ನೋಡೋ" ಅಂತ ಕೇಳಿದ್ದನ್ನ ನನ್ನ ಕಣ್ಣಾರೆ ಕಂಡೆ. ಹಳದಿ ಬಣ್ಣಕ್ಕೆ ಬೇಕಾದ ಗುರಿಗೆ ಅನ್ನೋ ಬೀಜ ಈ ಸಲ ಸಿಗಲಿಲ್ಲ, ಹಾಗಾಗಿ ಎಲ್ಲ ಬುಟ್ಟಿಯಲ್ಲೂ ಹಳದಿ ಜಾಗ ಖಾಲಿ ಇದೆ. ನಮ್ಮ ತಾಲ್ಲೂಕಿನವರು ಯಾರಾದರೂ ಇಲ್ಲಿದ್ದರೆ ಎಲ್ಲಿ ಸಿಗುತ್ತೆ ಹೇಳಿ, ಹುಣ್ಣಿಮೆಗೆ ಇನ್ನೂ ದಿನ ಇದೆ.

ಮಾಸ್ತರೇ, ರಜೆ ಮುಗಿದ ಮೇಲೆ ಮೊದಲ ಮಂಗಳವಾರ ಒಂಬತ್ತನೇ ತರಗತಿಗೆ ನಿಮ್ಮ ತಂಬಿಗೆ ಪಾಠ ಮಾಡಬೇಕು ಅಂತಿದೀನಿ. ನಮ್ಮ ಮನೇಲಿ ಹಿತ್ತಾಳೆದು ಇಲ್ಲ. ಸ್ಟೀಲ್ ಚೊಂಬು ನಡೆಯುತ್ತಾ?

ಗದಗಿನ ಬಣ್ಣದ ಮಾಸ್ತರ

ನಡೀತದ್ರಿ ಮೇಡಂ. ಆದ್ರ ಸ್ಟೀಲ್ ಭಾಳ ಹೊಳೀತದ, ಕಿಟಕಿ, ಬೆಂಚು, ಹುಡುಗೂರ ಮಾರಿ ಎಲ್ಲಾ ಅದರಾಗ ಕಾಣತಾವ. ಅವರು ಅದನ್ನೂ ಬರೀಲಿಕ್ಕೆ ಹೋಗತಾರ. ಬರೀಲಿ ಬಿಡ್ರಿ. ಮಣ್ಣಿನ ಕುಡಿಕಿ ಸಿಕ್ಕರ ಇನ್ನೂ ಚಲೋ, ನೆರಳು ಮೆತ್ತಗ ಬೀಳತದ. ಒಂದ ಬಾಜೂದಿಂದ ಬೆಳಕು ಬರೂವಂಗ ಇನ್ನೊಂದು ಕಿಟಕಿ ಮುಚ್ಚಿಸ್ರಿ. ಸ್ಟೂಲ್ ಎತ್ತರ ಇರಬಾರದು, ಹಿಂದ ಕುಂತ ಹುಡುಗಗೂ ಬಾಯಿ ಕಾಣಬೇಕು. ಮತ್ತ ಮೊದಲಿಗೆ ನೀವ ಎತ್ತಿ ತೋರಸಬ್ಯಾಡ್ರಿ. ಅವರ ಕೈಯಾಗ ಕೊಡ್ರಿ.